ಆಹಾರವಿಷಯಕ ಸಾಕ್ಷ್ಯಚಿತ್ರಗಳಲ್ಲಿ ರಸ, ಪ್ರಮಾಣ, ಆಚಾರ

೧

ಇಂಗ್ಲಿಷಿನಲ್ಲಿ 'ಡಾಕ್ಯುಮೆಂಟರಿ' ಎಂದು ಹೆಸರಾದ ಚಲಚ್ಚಿತ್ರಪ್ರಕಾರಕ್ಕೆ ಕನ್ನಡದಲ್ಲಿ 'ಸಾಕ್ಷ್ಯಚಿತ್ರ'ವೆಂಬ ಹೆಸರು ನೆಲೆಗೊಂಡಿದೆ. ಈ ಎರಡು ಹೆಸರುಗಳ ಧ್ವನಿ ಒಂದೇ ಅಲ್ಲ. ಇಂಗ್ಲಿಷ್ ಪದದ ಮೂಲದಲ್ಲಿರುವ ಲ್ಯಾಟಿನ್ ಧಾತುವಿಗೆ 'ಕಲಿಸು' ಎಂದು ಅರ್ಥ. ೧೯೨೬ರಲ್ಲಿ ಜಾನ್ ಗ್ರಿಯರ್‌ಸನ್ನನು ಫ್ಲಾಹರ್ಟಿಯ 'ಮೊಆನ' ಎಂಬ ಚಿತ್ರವನ್ನು ವಿಮರ್ಶಿಸುತ್ತ ಅದನ್ನು ಚಲಚ್ಚಿತ್ರಕ್ಕೆ ಅನ್ವಯಿಸಿದನು. ನಮ್ಮ ಪದವಾದರೋ ನ್ಯಾಯಸ್ಥಾನದ ನೆನಪನ್ನು ತರುವಂಥದು. ಸಾಕ್ಷಿಯೆಂದರೆ ಕಣ್ಣಾರೆ ಕಂಡವನು. ಪಾಣಿನಿಯೂ ಆ ಶಬ್ದವನ್ನು ನೇರವಾಗಿ ನೋಡಿದವನೆಂಬ ಅರ್ಥದಲ್ಲಿಯೇ ಸಾಧಿಸಿದ್ದಾನೆ. ಕಲಿಸುವವನಿಗೆ ಬೇಕಾದ ಗುಣ ಬೇರೆ, ಸಾಕ್ಷಿ ನುಡಿಯುವವನಿಗೆ ಬೇಕಾದ ಗುಣ ಬೇರೆ. ಕಲಿಸುವವನು ಆಯ್ದು ಹೇಳಬಹುದು, ಒತ್ತಿ ಹೇಳಬಹುದು, ದೃಷ್ಟಾಂತವನ್ನು ಹಿಗ್ಗಿಸಿಯೂ ಹೇಳಬಹುದು. ಸಾಕ್ಷಿಯು ಕಂಡದ್ದನ್ನು ಕಂಡಂತೆ ಹೇಳಬೇಕು, ಪಾಟೀಸವಾಲಿಗೂ ನಿಲ್ಲಬೇಕು. ಈ ಜಾತಿಯ ಚಿತ್ರಗಳು ಕಲಿಸುವವನ ಸ್ವಾತಂತ್ರ್ಯವನ್ನು ತಾವು ಅನುಭವಿಸುತ್ತ, ನೋಡುವವನಿಂದ ಮಾತ್ರ ಸಾಕ್ಷಿಗೆ ಸಲ್ಲುವ ನಂಬಿಕೆಯನ್ನು ಕೇಳುತ್ತವೆ. ಅವುಗಳ ಶಕ್ತಿಯೂ ದೌರ್ಬಲ್ಯವೂ ಈ ಒಂದು ಸಂಗತಿಯಿಂದ ಹುಟ್ಟುತ್ತವೆ.

ಕಳೆದ ಇಪ್ಪತ್ತೈದು ವರ್ಷಗಳಲ್ಲಿ ಆಹಾರವನ್ನು ಕುರಿತ ಸಾಕ್ಷ್ಯಚಿತ್ರಗಳು ಪಶ್ಚಿಮದಲ್ಲಿ, ಅದರಲ್ಲಿಯೂ ಅಮೆರಿಕದಲ್ಲಿ, ಹೇರಳವಾಗಿ ಬಂದಿವೆ. ೨೦೦೪ರ 'ಸೂಪರ್ ಸೈಜ್ ಮಿ', ೨೦೦೮ರ 'ಫುಡ್, ಇಂಕ್.', ೨೦೧೭ರ 'ವಾಟ್ ದಿ ಹೆಲ್ತ್', ೨೦೧೮ರ 'ದಿ ಗೇಮ್ ಚೇಂಜರ್ಸ್', ೨೦೨೧ರ 'ಸೀಸ್ಪಿರಸಿ' ಇವು ಅವುಗಳಲ್ಲಿ ಹೆಸರಾದವು. ಇವು ಮನೆಯೊಳಗಿನ ತೆರೆಗೇ ಬರುವುದರಿಂದ ನಮ್ಮ ನಾಡಿನ ವಿದ್ಯಾರ್ಥಿಗಳಿಗೂ ಅಪರಿಚಿತವಲ್ಲ. ಇವುಗಳ ಗುರಿ ಬಹು ಸ್ಪಷ್ಟವಾದದ್ದು: ನೋಡಿದವನು ನಾಳೆಯ ಊಟದಲ್ಲಿ ಯಾವುದನ್ನೋ ಬಿಡಬೇಕು, ಯಾವುದನ್ನೋ ಹಿಡಿಯಬೇಕು. ಕೃತಿಯು ಸಹೃದಯನ ನಡತೆಯನ್ನು ತಿದ್ದಬಲ್ಲುದೆ ಎಂಬುದು ಅಲಂಕಾರಶಾಸ್ತ್ರದ ಹಳೆಯ ಪ್ರಶ್ನೆ. ಕಾವ್ಯದ ವಿಷಯದಲ್ಲಿ ಅದಕ್ಕೆ ಉತ್ತರವನ್ನು ಅಳೆದು ತೋರಿಸುವುದು ಕಷ್ಟ. ಈ ಚಿತ್ರಗಳ ವಿಷಯದಲ್ಲಿ ಹಾಗಲ್ಲ, ಏಕೆಂದರೆ ಇಲ್ಲಿ ಬಯಸಿದ ಫಲವು ತಟ್ಟೆಯ ಮೇಲೆ ಕಾಣತಕ್ಕದ್ದು. ಆದುದರಿಂದ ಸಾಹಿತ್ಯವಿಮರ್ಶಕನು ಈ ಕ್ಷೇತ್ರವನ್ನು ಆಹಾರಶಾಸ್ತ್ರಜ್ಞರಿಗೆ ಬಿಟ್ಟುಕೊಟ್ಟು ಸುಮ್ಮನಿರುವುದು ಯುಕ್ತವಲ್ಲ.

ಪ್ರಕೃತ ಲೇಖನದ ಪ್ರತಿಜ್ಞೆಯನ್ನು ಸಂಕ್ಷೇಪವಾಗಿ ಹೇಳುವುದಾದರೆ ಹೀಗೆ: ಈ ಚಿತ್ರಗಳು ತಮ್ಮ ಬಲವನ್ನು ರಸದಿಂದ ಪಡೆಯುತ್ತವೆ; ಮನ್ನಣೆಯನ್ನು ಪ್ರಮಾಣದ ಹೆಸರಿನಲ್ಲಿ ಕೇಳುತ್ತವೆ; ಫಲವನ್ನು ಆಚಾರದಲ್ಲಿ ಬಯಸುತ್ತವೆ. ಈ ಮೂರಕ್ಕೂ ಬೇರೆ ಬೇರೆ ನಿಯಮಗಳುಂಟು. ಒಂದರಲ್ಲಿ ಗೆದ್ದ ಮಾತ್ರಕ್ಕೆ ಮಿಕ್ಕೆರಡರಲ್ಲಿಯೂ ಗೆದ್ದಂತಾಗುವುದಿಲ್ಲ. ಆ ಮೂರನ್ನೂ ಒಂದೊಂದಾಗಿ ಪರಿಶೀಲಿಸೋಣ.

೨

ಮೊದಲು ರಸದ ಮಾತು. ಆಹಾರವನ್ನು ಖಂಡಿಸುವ ಚಿತ್ರಗಳಲ್ಲಿ ಅಂಗಿಯಾಗಿರುವುದು ಬೀಭತ್ಸ. ಅದರ ಸ್ಥಾಯಿ ಜುಗುಪ್ಸೆ. 'ಫುಡ್, ಇಂಕ್.' ಎಂಬ ಚಿತ್ರದಲ್ಲಿ ರಾಬರ್ಟ್ ಕೆನ್ನರ್ ಅವರು ಕತ್ತಲೆಯ ಕೊಟ್ಟಿಗೆಗಳಲ್ಲಿ ಕಿಕ್ಕಿರಿದ ಕೋಳಿಗಳನ್ನೂ, ಯಂತ್ರಗಳ ನಡುವೆ ಸಾಗುವ ಮೃತದೇಹಗಳನ್ನೂ, ಅಮೋನಿಯದಿಂದ ಸಂಸ್ಕರಿಸಿದ ಮಾಂಸವನ್ನೂ ತೋರಿಸುತ್ತಾರೆ. ಕಲುಷಿತ ಮಾಂಸವನ್ನು ತಿಂದ ಮಗುವನ್ನು ಕಳೆದುಕೊಂಡ ತಾಯಿಯ ಮಾತಿನಲ್ಲಿ ಕರುಣವು ಅಂಗವಾಗಿ ಬಂದು ಬೀಭತ್ಸವನ್ನು ಪೋಷಿಸುತ್ತದೆ. 'ಸೂಪರ್ ಸೈಜ್ ಮಿ' ಚಿತ್ರದಲ್ಲಿ ನಾಯಕನೇ ಆದ ನಿರ್ದೇಶಕರು ಹೊಟ್ಟೆ ಬಿರಿಯೆ ತಿಂದು ವಾಂತಿಮಾಡಿಕೊಳ್ಳುವ ದೃಶ್ಯವುಂಟು. ಅಲ್ಲಿ ಬೀಭತ್ಸದೊಡನೆ ಹಾಸ್ಯವೂ ಬೆರೆತಿದೆ. ಆಹಾರವನ್ನು ಹೊಗಳುವ ಚಿತ್ರಗಳ ದಾರಿ ಬೇರೆ. 'ದಿ ಗೇಮ್ ಚೇಂಜರ್ಸ್' ಚಿತ್ರವು ಸಸ್ಯಾಹಾರವನ್ನು ಪ್ರತಿಪಾದಿಸುವುದಕ್ಕಾಗಿ ರೋಮಿನ ಕತ್ತಿಮಲ್ಲರಿಂದ ಹಿಡಿದು ಇಂದಿನ ಓಟಗಾರರವರೆಗೆ ವೀರರ ಸಾಲನ್ನೇ ನಿಲ್ಲಿಸುತ್ತದೆ. ಅಲ್ಲಿಯ ಸ್ಥಾಯಿ ಉತ್ಸಾಹ. ಡೇವಿಡ್ ಗೆಲ್ಬ್ ಅವರ 'ಜಿರೊ ಡ್ರೀಮ್ಸ್ ಆಫ್ ಸುಶಿ' (೨೦೧೧) ಎಂಬುದು ಟೋಕಿಯೋ ನಗರದಲ್ಲಿ ಹತ್ತೇ ಆಸನಗಳುಳ್ಳ ಒಂದು ಭೋಜನಶಾಲೆಯ ವೃದ್ಧ ಪಾಕತಜ್ಞನ ಬಾಳನ್ನು ಚಿತ್ರಿಸುವಾಗ ಅದ್ಭುತವನ್ನು ಆಶ್ರಯಿಸುತ್ತದೆ.

ಇಷ್ಟನ್ನು ಗುರುತಿಸುವುದು ಸುಲಭ. ಕಷ್ಟವಾದ ಪ್ರಶ್ನೆ ಮುಂದಿನದು. ರಸಾನುಭವವು ಕ್ರಿಯೆಗೆ ಪ್ರೇರಕವೆ? ನಮ್ಮ ಆಲಂಕಾರಿಕರ ಮುಖ್ಯ ಪರಂಪರೆ ಇದಕ್ಕೆ ಸರಳವಾಗಿ 'ಹೌದು' ಎನ್ನುವುದಿಲ್ಲ. ಶಾಕುಂತಲದ ಮೊದಲ ಅಂಕದಲ್ಲಿ ದುಷ್ಯಂತನ ಬಾಣಕ್ಕೆ ಹೆದರಿ ಓಡುವ ಜಿಂಕೆಯನ್ನು ಅಭಿನವಗುಪ್ತನು ಭಯಾನಕಕ್ಕೆ ಉದಾಹರಣೆಯಾಗಿ ತೆಗೆದುಕೊಳ್ಳುತ್ತಾನೆ. ಆ ಭಯವನ್ನು ಆಸ್ವಾದಿಸುವ ಸಹೃದಯನು ತಾನೂ ಎದ್ದು ಓಡುವುದಿಲ್ಲ. ಅದು ಜಿಂಕೆಯ ಭಯವೂ ಅಲ್ಲ, ತನ್ನ ಭಯವೂ ಅಲ್ಲ; ದೇಶಕಾಲಗಳ ಕಟ್ಟಿನಿಂದ ಬಿಡಿಸಿಕೊಂಡು ಸಾಧಾರಣೀಕೃತವಾದ ಭಯ. 'ಇದು ನನಗೇ ಆಗುತ್ತಿದೆ' ಎಂಬ ಎಣಿಕೆ ಬಂದೊಡನೆ ರಸಕ್ಕೆ ವಿಘ್ನವಾಯಿತೆಂದು ಆತನ ಮತ.

ಆಹಾರದ ಸಾಕ್ಷ್ಯಚಿತ್ರಕಾರನಿಗೆ ಬೇಕಾದದ್ದು ಈ ವಿಘ್ನವೇ ಎಂಬುದು ಗಮನಿಸತಕ್ಕ ಅಂಶ. ಆತನು ಮೊದಲು ರಸವನ್ನು ಕೆರಳಿಸಿ, ಅದು ಆಸ್ವಾದವಾಗಿ ಪಕ್ವವಾಗುವ ಮುನ್ನ, 'ನೀನು ಈ ಹೊತ್ತು ತಿಂದದ್ದೂ ಇದೇ' ಎಂದು ನೋಡುವವನನ್ನು ಅವನ ಅಡಿಗೆಮನೆಗೆ ಎಳೆದು ತರುತ್ತಾನೆ. ಮಮ್ಮಟನ ಪರಿಭಾಷೆಯಲ್ಲಿ ಹೇಳುವುದಾದರೆ, ಕಾಂತಾಸಂಮಿತವಾಗಿ ಮನಸ್ಸನ್ನು ಒಲಿಸಿಕೊಂಡು, ಕೊನೆಯಲ್ಲಿ ಪ್ರಭುಸಂಮಿತವಾಗಿ ಆಜ್ಞೆ ಕೊಡುತ್ತಾನೆ. ಇದರಿಂದ ಕೃತಿಗೆ ಎರಡು ಕಡೆಯೂ ನಷ್ಟವಾಗುವ ಸಂಭವವಿದೆ: ರಸವು ತುಂಡಾಗುತ್ತದೆ, ಆಜ್ಞೆಗೆ ರಾಜನ ಅಧಿಕಾರವೂ ಇರುವುದಿಲ್ಲ.

ಈ ದೋಷಕ್ಕೆ ಒಳಗಾಗದ ಚಿತ್ರಗಳೂ ಉಂಟು. ಜಾರ್ಜ್ ಫ್ರಾಂಜು ಎಂಬ ಫ್ರೆಂಚ್ ನಿರ್ದೇಶಕನು ೧೯೪೯ರಲ್ಲಿ ಪ್ಯಾರಿಸ್ಸಿನ ಕಸಾಯಿಖಾನೆಗಳನ್ನು ಕುರಿತು ಮಾಡಿದ ಕಿರುಚಿತ್ರವು ವಧೆಯನ್ನೂ, ವಧೆಯ ಕೆಲಸದಲ್ಲಿರುವ ಕಸುಬುದಾರರನ್ನೂ ಒಂದೇ ಸಮಚಿತ್ತದಿಂದ ನೋಡುತ್ತದೆ. ಆಸ್ಟ್ರಿಯದ ನಿಕೊಲಾಸ್ ಗೈರ್‌ಹಾಲ್ಟರ್ ಅವರ 'ನಮ್ಮ ದಿನದ ರೊಟ್ಟಿ' ಎಂಬರ್ಥದ ಹೆಸರಿನ ೨೦೦೫ರ ಚಿತ್ರದಲ್ಲಿ ನಿರೂಪಕನ ಧ್ವನಿಯೇ ಇಲ್ಲ, ಸಂದರ್ಶನಗಳೂ ಇಲ್ಲ. ಕಾರ್ಖಾನೆಯಂತಾದ ಹೊಲ, ತೋಟ, ಕೊಟ್ಟಿಗೆ, ಕಸಾಯಿಖಾನೆ, ಅಲ್ಲಿ ದುಡಿದು ಮೌನವಾಗಿ ಬುತ್ತಿ ತಿನ್ನುವ ಜನ, ಇಷ್ಟೇ. ಏನನ್ನು ತಿನ್ನಬೇಕು ಏನನ್ನು ಬಿಡಬೇಕು ಎಂದು ಈ ಎರಡು ಚಿತ್ರಗಳೂ ಹೇಳುವುದಿಲ್ಲ. ಸಾಕ್ಷಿಯೆಂಬ ಹೆಸರಿಗೆ ಇವು ಹೆಚ್ಚು ಅರ್ಹವಾದವೆಂದು ಹೇಳಿದರೆ ತಪ್ಪಾಗಲಾರದು.

೩

ಇನ್ನು ಪ್ರಮಾಣದ ವಿಚಾರ. ಈ ಭಾಗದಲ್ಲಿ 'ಸೂಪರ್ ಸೈಜ್ ಮಿ' ಚಿತ್ರವನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಅವಶ್ಯ. ಏಕೆಂದರೆ ಮುಂದಿನ ಅನೇಕ ಚಿತ್ರಗಳಿಗೆ ಅದೇ ಮೇಲ್ಪಂಕ್ತಿಯಾಯಿತು. ಮಾರ್ಗನ್ ಸ್ಪರ್ಲಾಕ್ ಅವರು ೩೦ ದಿನಗಳ ಕಾಲ ಮೂರು ಹೊತ್ತೂ ಮ್ಯಾಕ್‌ಡೊನಾಲ್ಡ್ಸ್ ಅಂಗಡಿಯ ತಿಂಡಿಯನ್ನೇ ತಿಂದರು. ಅಂಗಡಿಯವರು 'ಸೂಪರ್ ಸೈಜ್' ಎಂಬ ಅತಿದೊಡ್ಡ ಅಳತೆಯನ್ನು ತಾವಾಗಿ ಕೇಳಿದರೆ ಅದನ್ನು ಒಪ್ಪಲೇಬೇಕು. ನಡಿಗೆಯನ್ನೂ ಮಿತಿಗೊಳಿಸಬೇಕು, ಎಂಬಿವು ಅವರ ನಿಯಮಗಳು. ತಿಂಗಳು ಮುಗಿಯುವಷ್ಟರಲ್ಲಿ ಅವರ ತೂಕ ಸುಮಾರು ೧೧ ಕಿಲೋಗ್ರಾಂ ಏರಿತ್ತು. ಯಕೃತ್ತಿನ ಪರೀಕ್ಷೆಯ ಫಲಗಳು ಮಿತಿಮೀರಿ ಕುಡಿಯುವವರದರಂತೆ ಕೆಟ್ಟಿರುವುದನ್ನು ಕಂಡು ವೈದ್ಯರೇ ಬೆರಗಾದರು. ಚಿತ್ರದ ಪರಮಾವಧಿಯೂ ಅದೇ.

ನ್ಯಾಯಶಾಸ್ತ್ರದ ಕಣ್ಣಿನಿಂದ ನೋಡಿದರೆ ಇಲ್ಲಿ ಪ್ರತಿಜ್ಞೆಯುಂಟು, ಉದಾಹರಣೆಯುಂಟು. ಆ ಎರಡನ್ನು ಬೆಸೆಯುವ ವ್ಯಾಪ್ತಿಯಿಲ್ಲ. ಒಬ್ಬನ ದೇಹದಲ್ಲಿ ಒಂದು ಸಲ ನಡೆದುದು ಎಲ್ಲರ ದೇಹದಲ್ಲಿಯೂ ನಡೆಯುವುದೆನ್ನುವುದಕ್ಕೆ ಹೇತು ಬೇರೆ ಬೇಕು. ಇಷ್ಟೇ ಆಗಿದ್ದರೆ ಅದು ತರ್ಕದ ಕೊರತೆಯೆಂದು ಬಿಡಬಹುದಾಗಿತ್ತು. ಆದರೆ ಸಾಕ್ಷಿಯ ವಿಶ್ವಾಸಾರ್ಹತೆಗೇ ಧಕ್ಕೆ ತರುವ ಸಂಗತಿ ಮುಂದೆ ಹೊರಬಂದಿತು. ಚಿತ್ರದಲ್ಲಿ ವೈದ್ಯರು ಮದ್ಯಪಾನದ ವಿಷಯ ಕೇಳಿದಾಗ ಸದ್ಯಕ್ಕೆ ಇಲ್ಲವೆಂದು ಉತ್ತರಿಸಿದ್ದ ಸ್ಪರ್ಲಾಕ್ ಅವರು, ೨೦೧೭ರ ಡಿಸೆಂಬರಿನಲ್ಲಿ ತಾವೇ ಪ್ರಕಟಿಸಿದ ಒಂದು ಹೇಳಿಕೆಯಲ್ಲಿ, ಹುಡುಗತನದಿಂದಲೂ ಎಡೆಬಿಡದೆ ಕುಡಿಯುತ್ತ ಬಂದುದನ್ನು ತಿಳಿಸಿದರು. (ಅವರು ೨೦೨೪ರ ಮೇ ತಿಂಗಳಲ್ಲಿ ತೀರಿಕೊಂಡರು.) ಯಕೃತ್ತು ಕೆಟ್ಟದ್ದು ತಿಂಡಿಯಿಂದಲೋ ಮದ್ಯದಿಂದಲೋ ಎಂಬುದನ್ನು ಆ ಚಿತ್ರದ ಆಧಾರದಿಂದ ನಿರ್ಣಯಿಸುವುದು ಅಸಾಧ್ಯವಾಯಿತು.

ಹಾಗಾದರೆ ಚಿತ್ರದ ಪ್ರತಿಜ್ಞೆಯೇ ಸುಳ್ಳೆ? ಹಾಗೆನ್ನುವುದಕ್ಕೂ ಬರುವುದಿಲ್ಲ. ಸ್ವೀಡನ್ ದೇಶದ ಲಿಂಚೋಪಿಂಗ್ ವಿಶ್ವವಿದ್ಯಾನಿಲಯದ ಸಂಶೋಧಕರು ಆರೋಗ್ಯವಂತರಾದ ೧೮ ಮಂದಿಗೆ ನಾಲ್ಕು ವಾರಗಳ ಕಾಲ ಇಂಥದೇ ಅಂಗಡಿತಿಂಡಿಯನ್ನು ದಿನಕ್ಕೆರಡು ಬಾರಿ ಕೊಟ್ಟು, ವ್ಯಾಯಾಮವನ್ನು ಕಡಮೆ ಮಾಡಿಸಿ, ೨೦೦೮ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಯಕೃತ್ತಿನ ಸ್ಥಿತಿಯನ್ನು ಸೂಚಿಸುವ ಒಂದು ಕಿಣ್ವದ ಮಟ್ಟ ಅವರಲ್ಲಿ ಬೇಗನೆ, ಬಹಳವಾಗಿ ಏರಿತು. ಅತಿಯಾಗಿ ತಿನ್ನುವುದರಿಂದಲೇ ಇಂಥ ವಿಕಾರ ಉಂಟಾಗಬಹುದೆಂದು ಅದರಿಂದ ಸಿದ್ಧವಾಗುತ್ತದೆ. ಆದುದರಿಂದ ಇಲ್ಲಿಯ ಸ್ಥಿತಿ ವಿಚಿತ್ರವಾದದ್ದು: ಸಾಕ್ಷಿ ಕೆಟ್ಟವನು, ವ್ಯಾಜ್ಯದಲ್ಲಿ ಸತ್ಯವುಂಟು. ಲೋಕವು ಈ ಎರಡನ್ನು ಬೇರ್ಪಡಿಸಿ ನೋಡುವುದು ಅಪರೂಪ. ಸಾಕ್ಷಿಯ ಮಾತು ಒಡೆದೊಡನೆ, ಅವನನ್ನು ನಂಬಿ ದುಶ್ಚಟವನ್ನು ಬಿಟ್ಟವನು 'ಎಲ್ಲವೂ ಸುಳ್ಳಂತೆ' ಎಂದು ಮತ್ತೆ ಅದಕ್ಕೇ ಮರಳಲು ನೆಪ ಸಿಕ್ಕುತ್ತದೆ. ಕೆಟ್ಟ ಪ್ರಮಾಣದಿಂದ ಒಳ್ಳೆಯ ಪ್ರಮೇಯಕ್ಕೆ ಆಗುವ ಹಾನಿ ಇದು.

ಎರಡನೆಯ ಬಗೆಯ ದೋಷವು ಅಳತೆಯನ್ನು ಮರೆಯಿಸುವುದು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನ ಸಂಸ್ಥೆಯು ೨೦೧೫ರಲ್ಲಿ ಸಂಸ್ಕರಿಸಿದ ಮಾಂಸವನ್ನು ತಂಬಾಕು ಇರುವ ವರ್ಗದಲ್ಲಿಯೇ ಸೇರಿಸಿತು. ಆ ವರ್ಗೀಕರಣವು ಕ್ಯಾನ್ಸರಿಗೆ ಕಾರಣವೆಂಬುದಕ್ಕೆ ಇರುವ ಆಧಾರ ಎಷ್ಟು ದೃಢವೆಂಬುದನ್ನು ತಿಳಿಸುತ್ತದೆಯೇ ಹೊರತು ಅಪಾಯ ಎಷ್ಟು ದೊಡ್ಡದೆಂಬುದನ್ನಲ್ಲ. ದಿನಕ್ಕೆ ೫೦ ಗ್ರಾಂನಂತೆ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಸಂಭವ ಶೇಕಡಾ ೧೮ರಷ್ಟು ಹೆಚ್ಚುವುದೆಂದು ಅದೇ ಸಂಸ್ಥೆ ಹೇಳಿತ್ತು. ತಂಬಾಕಿನ ಹಾನಿ ಇದಕ್ಕಿಂತ ಬಹುಪಾಲು ಮಿಗಿಲಾದದ್ದು. 'ವಾಟ್ ದಿ ಹೆಲ್ತ್' ಚಿತ್ರವು ದೃಢತೆಯನ್ನೇ ಗಾತ್ರವೆಂಬಂತೆ ತೋರಿಸಿ ಮಾಂಸವನ್ನೂ ಸಿಗರೇಟನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸಿತು; ದಿನಕ್ಕೊಂದು ಮೊಟ್ಟೆ ತಿನ್ನುವುದು ಐದು ಸಿಗರೇಟು ಸೇದಿದಂತೆ ಎಂಬವರೆಗೂ ಹೋಯಿತು. ಇಲ್ಲಿ ಉಪಮೆಯು ಅನುಮಾನದ ವೇಷವನ್ನು ಹಾಕಿದೆ. ಕಾವ್ಯದಲ್ಲಿ ಮುಖವನ್ನು ಚಂದ್ರನಿಗೆ ಹೋಲಿಸಿದರೆ ಅಳತೆಗೋಲನ್ನು ತರುವವರಿಲ್ಲ. ಮೊಟ್ಟೆಯನ್ನು ಸಿಗರೇಟಿಗೆ ಹೋಲಿಸಿ ಅದನ್ನು ನಂಬಿ ನಡೆಯಿರೆಂದರೆ ತರಲೇಬೇಕಾಗುತ್ತದೆ.

ಮೂರನೆಯದು ಹಳಸಿದ ಪ್ರಮಾಣವನ್ನು ಬಡಿಸುವುದು. ೨೦೪೮ರ ಹೊತ್ತಿಗೆ ಸಮುದ್ರಗಳು ಬರಿದಾಗುವುವೆಂದು 'ಸೀಸ್ಪಿರಸಿ' ಹೇಳುತ್ತದೆ. ಅದರ ಮೂಲ ೨೦೦೬ರ ಒಂದು ಸಂಶೋಧನಲೇಖನ. ಆ ಲೇಖನದ ಪ್ರಧಾನಕರ್ತೃವಾದ ಬೋರಿಸ್ ವೋರ್ಮ್ ಅವರೇ ತಮ್ಮ ಪ್ರತಿವಾದಿಯಾಗಿದ್ದ ರೇ ಹಿಲ್‌ಬಾರ್ನ್ ಮೊದಲಾದವರೊಡನೆ ಸೇರಿ ೨೦೦೯ರಲ್ಲಿ ಇನ್ನೊಂದು ಲೇಖನವನ್ನು ಬರೆದು, ಒಳ್ಳೆಯ ಆಡಳಿತವಿರುವ ಹಲವು ಕಡೆಗಳಲ್ಲಿ ಮೀನುಗಾರಿಕೆಯ ಒತ್ತಡ ಇಳಿದಿರುವುದನ್ನು ತೋರಿಸಿದ್ದರು. ಹನ್ನೆರಡು ವರ್ಷಗಳ ತರುವಾಯ ಬಂದ ಚಿತ್ರವು ಹಳೆಯ ಭವಿಷ್ಯವನ್ನೇ ನುಡಿಯಿತು. ವಿದ್ವಾಂಸನು ತನ್ನ ಮಾತನ್ನು ತಿದ್ದಿಕೊಂಡರೂ ಅವನ ಹೆಸರನ್ನು ಹಿಡಿದವರು ತಿದ್ದಿಕೊಳ್ಳುವುದಿಲ್ಲ.

ಆಪ್ತವಾಕ್ಯವನ್ನು ಕುರಿತೂ ಒಂದು ಮಾತು. ಆಪ್ತನೆಂದರೆ ಬಲ್ಲವನು ಮಾತ್ರವಲ್ಲ, ಸ್ವಾರ್ಥವಿಲ್ಲದೆ ನುಡಿಯುವವನು. 'ದಿ ಗೇಮ್ ಚೇಂಜರ್ಸ್' ಚಿತ್ರದ ನಿರ್ಮಾಣದಲ್ಲಿ ಕೈಗೂಡಿಸಿದ ಜೇಮ್ಸ್ ಕ್ಯಾಮರಾನ್ ಅವರು ಬಟಾಣಿಯಿಂದ ಪ್ರೋಟೀನು ತೆಗೆಯುವ ಉದ್ಯಮವೊಂದಕ್ಕೂ ಹಣ ಹೂಡಿದ್ದರು. ಇದರಿಂದ ಚಿತ್ರದ ಪ್ರತಿಯೊಂದು ಮಾತೂ ಸುಳ್ಳಾಗುವುದಿಲ್ಲ. ಆದರೆ ಆಪ್ತತ್ವದ ಪರೀಕ್ಷೆಗೆ ಬೇಕಾದ ಈ ಸಂಗತಿ ನೋಡುವವನಿಗೆ ತೆರೆಯ ಮೇಲೆಯೇ ತಿಳಿಯಬೇಕಾಗಿತ್ತು. ಮಾಂಸದ ವ್ಯಾಪಾರಿಗಳ ಹಣದಿಂದ ನಡೆದ ಸಂಶೋಧನೆಯನ್ನು ಶಂಕಿಸಬೇಕೆಂದು ಇಂಥ ಚಿತ್ರಗಳೇ ನಮಗೆ ಕಲಿಸಿರುವುದರಿಂದ, ಆ ನಿಯಮವು ಅವುಗಳಿಗೂ ಅನ್ವಯಿಸುವುದು ನ್ಯಾಯವೇ ಸರಿ.

೪

ರಸವೂ ಪ್ರಮಾಣವೂ ಹೀಗಿರಲು, ಫಲವೇನು? ನೋಡಿದವರ ಊಟ ನಿಜವಾಗಿ ಬದಲಾಗುತ್ತದೆಯೆ?

ಮೇಲುನೋಟಕ್ಕೆ ಉತ್ತರ ಅನುಕೂಲವಾಗಿಯೇ ಇದೆ. ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ನಾರ್ಮನ್ ಲಿಯರ್ ಕೇಂದ್ರದವರು 'ಫುಡ್, ಇಂಕ್.' ಚಿತ್ರದ ಪ್ರಭಾವವನ್ನು ಕುರಿತು ಸಾವಿರಾರು ಮಂದಿಯನ್ನು ಪ್ರಶ್ನಿಸಿ, ಚಿತ್ರವನ್ನು ನೋಡಿದವರನ್ನು ಎಲ್ಲ ವಿಧದಲ್ಲಿಯೂ ಅವರನ್ನು ಹೋಲುವ ನೋಡದವರೊಡನೆ ಹೋಲಿಸಿದರು. ನೋಡಿದವರು ರೈತರ ಸಂತೆಯಲ್ಲಿ ಕೊಳ್ಳುವುದಾಗಿಯೂ ಆರೋಗ್ಯಕರವಾದ ಆಹಾರವನ್ನು ಆರಿಸುವುದಾಗಿಯೂ ಹೆಚ್ಚಾಗಿ ಹೇಳಿದರು. ಆದರೆ ಇದು ಅವರು ಹೇಳಿದ್ದು. ತಾನು ತಿಂದುದನ್ನು ತಾನೇ ವರದಿಮಾಡುವವನು ಒಳ್ಳೆಯವನೆನಿಸಿಕೊಳ್ಳುವ ಆಸೆಯಿಂದ ಪೂರ್ತಿಯಾಗಿ ಮುಕ್ತನಲ್ಲ.

ಈ ಆಸೆಯನ್ನು ಗಣನೆಗೆ ತಂದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಮಾಯಾ ಮಾಥುರ್ ಮತ್ತು ಅವರ ಸಂಗಡಿಗರು ೨೦೨೧ರಲ್ಲಿ ಪ್ರಕಟಿಸಿದ ಮೂರು ಪ್ರಯೋಗಗಳು ನಮ್ಮ ವಿಷಯಕ್ಕೆ ಅತ್ಯಂತ ಮುಖ್ಯವಾದವು. ಮಾಂಸಾದಿಗಳನ್ನು ಕಡಮೆ ಮಾಡಿರೆಂದು ಆರೋಗ್ಯ, ಪರಿಸರ, ಪ್ರಾಣಿದಯೆ ಎಂಬ ಮೂರು ಕಾರಣಗಳಿಂದಲೂ ಬೋಧಿಸುವ ಒಂದು ಸಾಕ್ಷ್ಯಚಿತ್ರವನ್ನು ಕೆಲವರಿಗೆ ತೋರಿಸಿ, ಕೆಲವರಿಗೆ ತೋರಿಸದೆ, ಹೋಲಿಸಿ ನೋಡಿದರು. ಚಿತ್ರವನ್ನು ನೋಡಿದವರಲ್ಲಿ ಕಡಮೆ ಮಾಡಬೇಕೆಂಬ ಸಂಕಲ್ಪ ಬಹಳವಾಗಿ ಹೆಚ್ಚಿತು. ಆದರೆ ಪರೀಕ್ಷಕರ ಮೆಚ್ಚುಗೆಗಾಗಿ ಹೇಳುವ ಸಂದರ್ಭವನ್ನು ತಪ್ಪಿಸಿ ೧೨ ದಿನಗಳಾದ ಮೇಲೆ ವಿಚಾರಿಸಿದಾಗ ಅವರು ತಿನ್ನುವುದು ಕಡಮೆಯಾಗಿರಲಿಲ್ಲ. ಸಂಕಲ್ಪ ಹುಟ್ಟಿತ್ತು, ತಟ್ಟೆ ಮೊದಲಿನಂತೆಯೇ ಇತ್ತು. ಆ ಚಿತ್ರವು ರಸದಲ್ಲಿ ಸೋತಿರಲಿಲ್ಲ. ರಸವು ಆಚಾರದ ಬಾಗಿಲವರೆಗೆ ಬಂದು ನಿಂತಿತ್ತು.

ಇದರ ಪಕ್ಕದಲ್ಲಿ ಬೇರೆ ಎರಡು ಪರೀಕ್ಷೆಗಳನ್ನು ಇಟ್ಟು ನೋಡಬೇಕು. ಕ್ಯಾಲಿಫೋರ್ನಿಯದ ರಿವರ್‌ಸೈಡ್ ವಿಶ್ವವಿದ್ಯಾನಿಲಯದಲ್ಲಿ ಎರಿಕ್ ಶ್ವಿಟ್ಸ್‌ಗೆಬೆಲ್, ಬ್ರ್ಯಾಡ್ ಕೋಕೆಲೆಟ್, ಪೀಟರ್ ಸಿಂಗರ್ ಎಂಬ ತತ್ತ್ವಶಾಸ್ತ್ರಜ್ಞರು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಲ್ಲಿ ಒಂದು ಪಾಲಿನವರಿಗೆ ಮಾಂಸಾಹಾರದ ಧರ್ಮಾಧರ್ಮಗಳನ್ನು ಕುರಿತು ಲೇಖನವನ್ನು ಓದಿಸಿ, ಸಣ್ಣ ಗುಂಪುಗಳಲ್ಲಿ ಚರ್ಚೆ ನಡೆಯಿಸಿದರು. ಇಷ್ಟವಿದ್ದವರಿಗೆ ನೋಡಲು ಒಂದು ಕಿರುಚಿತ್ರವನ್ನೂ ಕೊಟ್ಟರು. ತರುವಾಯ ಅವರವರ ಮಾತನ್ನು ಕೇಳದೆ ಭೋಜನಶಾಲೆಯ ರಸೀತಿಗಳನ್ನೇ ಪರೀಕ್ಷಿಸಿದರು. ೨೦೨೦ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮಾಂಸದ ಖರೀದಿ ಆ ಗುಂಪಿನಲ್ಲಿ ಶೇಕಡಾ ೫೨ರಿಂದ ೪೫ಕ್ಕೆ ಇಳಿಯಿತು. ಬೇರೆ ವಿಷಯವನ್ನು ಓದಿದವರಲ್ಲಿ ಇಳಿಯಲಿಲ್ಲ. ಅಮೆರಿಕದ ಇನ್ನೊಂದು ಕಾಲೇಜಿನಲ್ಲಿ ಆಂಡ್ರ್ಯೂ ಜಲೀಲ್ ಮೊದಲಾದವರು ವಿದ್ಯಾರ್ಥಿಗಳಿಗೆ ಮಾಂಸಾಹಾರಕ್ಕೂ ಹವಾಮಾನಕ್ಕೂ ಇರುವ ಸಂಬಂಧವನ್ನು ಕುರಿತು ಸುಮಾರು ೫೦ ನಿಮಿಷಗಳ ಉಪನ್ಯಾಸವೊಂದನ್ನು ಏರ್ಪಡಿಸಿ, ಖರೀದಿಯ ಲೆಕ್ಕಗಳನ್ನು ಮೂರು ವರ್ಷ ಹಿಂಬಾಲಿಸಿದರು. ಮಾಂಸದ ಬಳಕೆ ಶೇಕಡಾ ೯ರಷ್ಟು ಕುಗ್ಗಿ, ಮೂರು ವರ್ಷವೂ ಹಾಗೆಯೇ ನಿಂತಿತೆಂದು ೨೦೨೩ರ ಅವರ ವರದಿ ತಿಳಿಸುತ್ತದೆ.

ಉಪನ್ಯಾಸವು ಚಿತ್ರಕ್ಕಿಂತ ರಸವತ್ತಾದುದೆಂದು ಯಾರೂ ಹೇಳರು. ವ್ಯತ್ಯಾಸವು ಬೇರೆ ಕಡೆ ಇರಬೇಕೆಂದು ನಮಗೆ ತೋರುತ್ತದೆ. ಅಲ್ಲಿ ಕೇಳಿದವರು ಒಂದೇ ಕಡೆ ಓದುವವರು, ಒಂದೇ ಭೋಜನಶಾಲೆಯಲ್ಲಿ ಉಣ್ಣುವವರು. ಕೇಳಿದ ಮಾತನ್ನು ಊಟದ ಮೇಜಿನ ಬಳಿ ತಮ್ಮತಮ್ಮಲ್ಲಿ ಮತ್ತೆ ಎತ್ತಬಲ್ಲವರು. ಮಾಂಸವಿಲ್ಲದ ಊಟವೂ ಅವರ ಮುಂದೆಯೇ ಸಿದ್ಧವಾಗಿತ್ತು. ಮನೆಯ ತೆರೆಯ ಮುಂದೆ ಒಬ್ಬನೇ ಕುಳಿತು ನೋಡಿ ಮರುಗಿದವನಿಗೆ ಈ ಮೂರೂ ಇಲ್ಲ. ೨೦೨೪ರಲ್ಲಿ ಬಂದ ಅವಳಿಜವಳಿಗಳ ಪ್ರಯೋಗದ ಚಿತ್ರಮಾಲಿಕೆಯನ್ನು ನೋಡಿದರೂ ಇದೇ ಅಂಶ ಹೊಳೆಯುತ್ತದೆ. ಅದಕ್ಕೆ ಆಧಾರವಾದ ಸ್ಟ್ಯಾನ್‌ಫರ್ಡಿನ ಸಂಶೋಧನೆಯಲ್ಲಿ ೨೨ ಜೊತೆ ಅವಳಿಗಳಿಗೆ ಎಂಟು ವಾರಗಳ ಪಥ್ಯ. ಮೊದಲ ನಾಲ್ಕು ವಾರ ಊಟವು ಅವರ ಮನೆಗೇ ಸಿದ್ಧವಾಗಿ ಬರುತ್ತಿತ್ತು. ಚಿತ್ರವನ್ನು ನೋಡುವವನಿಗೆ ಯಾರೂ ಊಟವನ್ನು ತಂದು ಕೊಡುವುದಿಲ್ಲ.

'ಸೂಪರ್ ಸೈಜ್ ಮಿ' ಚಿತ್ರದ ನಿಜವಾದ ಒಳನೋಟವೂ ಇದೇ ಎಂದು ಹೇಳಬಹುದು. ಅಂಗಡಿಯವನು ಕೇಳಿದರೆ ದೊಡ್ಡ ಅಳತೆಯನ್ನು ಒಪ್ಪಬೇಕೆಂಬ ಅದರ ನಿಯಮವು, ಜನರು ಹಸಿವಿನಿಂದಲ್ಲ, ಮುಂದೆ ಇಟ್ಟುದರಿಂದ ತಿನ್ನುತ್ತಾರೆಂಬುದನ್ನು ಬೋಧನೆಯಿಲ್ಲದೆಯೇ ತೋರಿಸಿಕೊಟ್ಟಿತು. ೨೦೦೪ರ ಜನವರಿಯಲ್ಲಿ ಚಿತ್ರೋತ್ಸವವೊಂದರಲ್ಲಿ ಅದು ಪ್ರದರ್ಶಿತವಾಯಿತು; ಮಾರ್ಚಿಯಲ್ಲಿ ಆ ಕಂಪನಿ 'ಸೂಪರ್ ಸೈಜ್' ಅಳತೆಯನ್ನು ಕೈಬಿಡುವುದಾಗಿ ಸಾರಿತು; ಎರಡಕ್ಕೂ ಸಂಬಂಧವಿಲ್ಲವೆಂದು ಕಂಪನಿಯ ಹೇಳಿಕೆ. ಸಂಬಂಧವಿದ್ದ ಪಕ್ಷದಲ್ಲಿ ಕೂಡ ಬದಲಾದದ್ದು ಬಡಿಸುವವನ ಕೈ, ಉಣ್ಣುವವನ ಮನಸ್ಸಲ್ಲ. ಅಪ್ಟನ್ ಸಿಂಕ್ಲೇರನ 'ದಿ ಜಂಗಲ್' ಎಂಬ ಕಾದಂಬರಿಯ ಪೂರ್ವಕಥೆಯೂ ಇದಕ್ಕೆ ಸಂವಾದಿಯಾಗಿದೆ. ಷಿಕಾಗೋ ನಗರದ ಮಾಂಸದ ಕಾರ್ಖಾನೆಗಳಲ್ಲಿ ದುಡಿಯುವವರ ಸಂಕಟಕ್ಕಾಗಿ ಆತನು ಅದನ್ನು ಬರೆದನು. ಓದಿದವರು ತಮ್ಮ ತಟ್ಟೆಯ ಮಾಂಸಕ್ಕಾಗಿ ಕಳವಳಗೊಂಡರು. ೧೯೦೬ರ ಫೆಬ್ರುವರಿಯಲ್ಲಿ ಪುಸ್ತಕ ಬಂದಿತು. ಜೂನ್ ೩೦ರಂದು ಮಾಂಸಪರೀಕ್ಷೆಯ ಶಾಸನಕ್ಕೂ ಶುದ್ಧಾಹಾರದ ಶಾಸನಕ್ಕೂ ಅಂಕಿತ ಬಿದ್ದಿತು. ಆ ಕೃತಿಯ ಪ್ರಭಾವ ಉಳಿದದ್ದು ಓದುಗರ ಜುಗುಪ್ಸೆಯಲ್ಲಲ್ಲ; ಆ ಜುಗುಪ್ಸೆ ಆರುವ ಮೊದಲೇ ಬರೆದಿಟ್ಟ ಕಟ್ಟಳೆ ಮತ್ತು ನೇಮಿಸಿದ ಪರೀಕ್ಷಕರಲ್ಲಿ.

೫

ಆಹಾರದ ವಿಷಯದಲ್ಲಿ ಕೃತಿ, ಸಂಕಲ್ಪ, ಆಚಾರ ಇವುಗಳ ಸಂಬಂಧ ಕನ್ನಡಸಾಹಿತ್ಯಕ್ಕೆ ಹೊಸದಲ್ಲ. ಜನ್ನನ 'ಯಶೋಧರಚರಿತೆ' (೧೨೦೯) ಈ ದೃಷ್ಟಿಯಿಂದ ಮತ್ತೆ ಓದತಕ್ಕ ಕಾವ್ಯ. ಪ್ರಾಣಿವಧೆಗೆ ಒಪ್ಪದ ಯಶೋಧರನು ತಾಯಿಯ ಬಲಾತ್ಕಾರಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಕೊಡುತ್ತಾನೆ. ನೆತ್ತರಿಲ್ಲ, ಮಾಂಸವಿಲ್ಲ, ಸಂಕಲ್ಪ ಮಾತ್ರವಿದೆ. ಅದೊಂದರಿಂದಲೇ ತಾಯಿಯೂ ಮಗನೂ ಕೊಲ್ಲುವ, ಕೊಲ್ಲಲ್ಪಡುವ ಪ್ರಾಣಿಗಳಾಗಿ ಹಲವು ಜನ್ಮಗಳನ್ನು ತೊಳಲುತ್ತಾರೆ. ಈ ವೃತ್ತಾಂತವನ್ನು ಬಲಿಗಾಗಿ ತಂದ ಅಭಯರುಚಿಯು ಚಂಡಮಾರಿಯ ಗುಡಿಯಲ್ಲಿಯೇ ಮಾರಿದತ್ತರಾಜನಿಗೆ ಹೇಳುತ್ತಾನೆ. ಕೇಳಿದ ರಾಜನು ಹಿಂಸೆಯನ್ನು ತೊರೆದು ಜಿನಧರ್ಮವನ್ನು ಹಿಡಿಯುತ್ತಾನೆ.

ಇಲ್ಲಿ ಎರಡು ಅಂಶಗಳು ಪ್ರಕೃತಕ್ಕೆ ಉಪಯುಕ್ತವಾಗಿವೆ. ಮೊದಲನೆಯದು: ಪಾಪಕ್ಕೆ ಸಂಕಲ್ಪವೊಂದೇ ಸಾಕೆಂದು ಒಪ್ಪಿದ ಈ ಕಾವ್ಯವು, ಪುಣ್ಯಕ್ಕೆ ಅದೊಂದೇ ಸಾಕೆಂದು ಹೇಳುವುದಿಲ್ಲ. ಮಾರಿದತ್ತನ ಮರುಕ ಮರುಕವಾಗಿ ಉಳಿಯದೆ, ಧರ್ಮಸ್ವೀಕಾರದಲ್ಲಿ ಮುಗಿಯುತ್ತದೆ. ಎರಡನೆಯದು: ಕಾವ್ಯದ ಹೊರಗೆ ಜೈನಸಮಾಜದಲ್ಲಿ ಆ ಧರ್ಮಕ್ಕೆ ವ್ರತವೆಂಬ ಆಕಾರವಿತ್ತು. ಮದ್ಯ, ಮಾಂಸ, ಜೇನುಗಳ ತ್ಯಾಗ, ರಾತ್ರಿಭೋಜನದ ನಿಷೇಧ, ವ್ರತ ಕೊಡುವ ಗುರು, ವ್ರತವನ್ನು ಕಾಣುವ ನೆರೆಹೊರೆ, ಎಲ್ಲವೂ ಸಿದ್ಧವಾಗಿದ್ದುವು. ಕಾವ್ಯವು ಎಬ್ಬಿಸಿದ ಭಾವಕ್ಕೆ ಹೋಗಿ ನಿಲ್ಲುವ ಮನೆಯೊಂದು ಇತ್ತು. ಅಡಿಗೆಯ ವಿವರಕ್ಕಾದರೋ ಬೇರೆ ಗ್ರಂಥಗಳೇ ಇದ್ದುವು: ಹನ್ನೊಂದನೆಯ ಶತಮಾನದ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಪಾಕವನ್ನು ಕುರಿತ ಭಾಗವಿದೆ, ಹದಿನಾರನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸನು 'ಸೂಪಶಾಸ್ತ್ರ'ವನ್ನೇ ಬರೆದನು. ಮಂಗರಸನು ಯಾವುದನ್ನೂ ಹೇಸಿಗೆಯೆನಿಸಿ ಬಿಡಿಸುವುದಿಲ್ಲ. ಮಾಂಸವಿಲ್ಲದೆ ರುಚಿಯಾದ ಅಡಿಗೆ ಹೇಗೆಂಬುದನ್ನು ಹೇಳುತ್ತಾನೆ. ಮನಸ್ಸನ್ನು ಕರಗಿಸುವುದು ಕಾವ್ಯಕ್ಕೆ, ಕೈಗೆ ಕೆಲಸ ಕಲಿಸುವುದು ಶಾಸ್ತ್ರಕ್ಕೆ, ನಡತೆಯನ್ನು ನಿಲ್ಲಿಸುವುದು ವ್ರತಕ್ಕೆ, ಎಂದು ಹೊರೆ ಹಂಚಿಕೆಯಾಗಿತ್ತು. ಇಂದಿನ ಸಾಕ್ಷ್ಯಚಿತ್ರವು ಈ ಮೂರು ಹೊರೆಗಳನ್ನೂ ಒಂದೂವರೆ ಗಂಟೆಯಲ್ಲಿ ತಾನೊಂದೇ ಹೊರುತ್ತೇನೆನ್ನುತ್ತದೆ.

ಈ ಚಿತ್ರಗಳು ನಮ್ಮ ನಾಡಿಗೆ ಬಂದಾಗ ಇನ್ನೊಂದು ತೊಡಕೂ ಸೇರುತ್ತದೆ. ಅವುಗಳ ವಿಭಾವಗಳೆಲ್ಲ ಅಮೆರಿಕದ ಅಂಗಡಿ, ಅಮೆರಿಕದ ಕೊಟ್ಟಿಗೆ. ರಾಗಿಮುದ್ದೆ ಸೊಪ್ಪಿನ ಸಾರು ಉಣ್ಣುವ ಮನೆಯ ಹುಡುಗನು ಅವನ್ನು ನೋಡಿ, ತನ್ನ ಮನೆಯ ಊಟದ ಗುಣದೋಷಗಳನ್ನು ವಿಚಾರಿಸದೆಯೇ, ಯಾವನೋ ದೂರದವನ ಊಟಕ್ಕೆ ಹೇಸಿ ತೃಪ್ತನಾಗಬಹುದು. ಅಥವಾ ಅಲ್ಲಿ ಹೇಳಿದ ಪಥ್ಯವನ್ನು ಇಲ್ಲಿಯ ದೇಹಕ್ಕೂ ರೋಗಕ್ಕೂ ಹಾಗೆಯೇ ಹಚ್ಚಬಹುದು. ಮೊದಲನೆಯದರಿಂದ ಪ್ರಯೋಜನವಿಲ್ಲ. ಎರಡನೆಯದರಿಂದ, ವಿಶೇಷವಾಗಿ ಔಷಧವನ್ನು ತೆಗೆದುಕೊಳ್ಳುತ್ತಿರುವವರ ವಿಷಯದಲ್ಲಿ, ಅಪಾಯವೇ ಉಂಟು.

೬

ಮೇಲಣ ವಿಚಾರದಿಂದ ಆಹಾರದ ಸಾಕ್ಷ್ಯಚಿತ್ರಗಳು ವ್ಯರ್ಥವೆಂದು ಯಾರೂ ಭಾವಿಸಬಾರದು. ಮುಚ್ಚಿದ ಬಾಗಿಲುಗಳ ಹಿಂದೆ ನಡೆಯುವುದನ್ನು ಕಣ್ಣಿಗೆ ಕಾಣಿಸುವ ಉಪಕಾರವನ್ನು ಅವು ಮಾಡಿವೆ. ಆ ಕೆಲಸವನ್ನು ಗ್ರಂಥಗಳು ಅಷ್ಟು ಚೆನ್ನಾಗಿ ಮಾಡಲಾರವು. ಅವುಗಳಿಂದ ಹುಟ್ಟುವ ಸಂಕಲ್ಪವೂ ತೃಣಪ್ರಾಯವಾದದ್ದಲ್ಲ. ಆ ಸಂಕಲ್ಪವನ್ನೇ ಫಲವೆಂದು ಎಣಿಸುವುದು, ಅದನ್ನು ಹುಟ್ಟಿಸುವ ಆತುರದಲ್ಲಿ ಪ್ರಮಾಣವನ್ನು ಬಾಗಿಸುವುದು, ಇವೆರಡೇ ಆಕ್ಷೇಪಾರ್ಹ.

ಈಗ ಅನೇಕ ಉಪಾಧ್ಯಾಯರು ಇಂಥ ಚಿತ್ರಗಳನ್ನು ತರಗತಿಯಲ್ಲಿ ತೋರಿಸುವುದುಂಟು. ಸಾಹಿತ್ಯದ ಉಪಾಧ್ಯಾಯರು ಈ ಕೆಲಸಕ್ಕೆ ಅನರ್ಹರೆಂದು ಹಿಂಜರಿಯಬೇಕಾಗಿಲ್ಲ. ಕೃತಿಯೊಂದು ಯಾವ ರಸದಿಂದ ಮನಸ್ಸನ್ನು ಹಿಡಿಯುತ್ತದೆಂಬುದನ್ನು ಬಿಡಿಸಿ ತೋರಿಸುವುದು ಅವರ ವೃತ್ತಿಯೇ ಆಗಿದೆ. ಚಿತ್ರ ಮುಗಿದ ಮೇಲೆ ಮೂರು ಪ್ರಶ್ನೆಗಳನ್ನು ವಿದ್ಯಾರ್ಥಿಗಳ ಮುಂದಿಡುವುದು ಯುಕ್ತ. ನಮಗೆ ಹೇಸಿಗೆಯೋ ಬೆರಗೋ ಆದುದು ಯಾವ ದೃಶ್ಯದಲ್ಲಿ, ಅದನ್ನು ಹೇಗೆ ಕಟ್ಟಿದ್ದಾರೆ? ಆ ದೃಶ್ಯವನ್ನು ತೆಗೆದುಬಿಟ್ಟರೆ ಉಳಿಯುವ ಹೇತುವೇನು, ಅದನ್ನು ನುಡಿದವನು ಯಾರು, ಅವನ ಮಾತು ಈಗಲೂ ನಿಲ್ಲುತ್ತದೆಯೆ? ಇದು ನಿಜವೇ ಆಗಿದ್ದರೆ ನಮ್ಮ ಮನೆಯಲ್ಲಿ, ನಮ್ಮ ವಿದ್ಯಾರ್ಥಿನಿಲಯದ ಅಡಿಗೆಮನೆಯಲ್ಲಿ, ಯಾರು ಯಾವುದನ್ನು ಬದಲಾಯಿಸಬೇಕು? ಮೂರನೆಯ ಪ್ರಶ್ನೆಗೆ ಉತ್ತರವನ್ನು ಒಬ್ಬೊಬ್ಬರೇ ಕೊಡುವುದು ಕಷ್ಟ. ಒಟ್ಟಿಗೆ ಕುಳಿತು ಉಣ್ಣುವವರೇ ಒಟ್ಟಿಗೆ ವಿಚಾರಿಸಬೇಕು. ರಿವರ್‌ಸೈಡಿನ ರಸೀತಿಗಳು ಸೂಚಿಸುವ ಮಟ್ಟಿಗೆ, ಊಟವು ಬದಲಾಗುವುದಕ್ಕೆ ಇಂಥ ವಿಚಾರಣೆಯಿಂದ ಸಹಾಯವುಂಟು. ಚಿತ್ರವನ್ನು ಆ ವಿಚಾರಣೆಯ ಪೀಠಿಕೆಯೆಂದು ತಿಳಿದು ತೋರಿಸಿದರೆ ಅದರಿಂದ ಪ್ರಯೋಜನವಾದೀತು. ಅದನ್ನೇ ತೀರ್ಪೆಂದು ತೋರಿಸಿದರೆ ಆಗಲಾರದು.